ಬಾರಾಮತಿಯ ಬೀಳು ಹೊಲಗಳು

ಪುಣೆಯಿಂದ ಸುಮಾರು 100 ಕಿಲೋಮೀಟರ್ ದೂರದ ಬಾರಾಮತಿಯಲ್ಲಿ ವಿಮಾನ ಹಾರಿಸಲು ಕಲಿಯುವುದೆಂದರೆ ನೆಲವನ್ನು ನೋಡಲು ಕಲಿಯುವುದು. ಹೊರಡುವ ಮೊದಲು ಸೆಸ್ನಾ 172ರ ರೆಕ್ಕೆಯಡಿಯಿಂದ ಒಂದಿಷ್ಟು ಇಂಧನ ಬಸಿದು ಬೆಳಕಿಗೆ ಹಿಡಿಯುತ್ತೇವೆ. ನೀಲಿ ಬಣ್ಣ ಇರಬೇಕು. ತಳದಲ್ಲಿ ನೀರು ಕಂಡರೆ ಎಂಜಿನ್ ಮೇಲೆ ಹೋದಾಗ ಕೈಕೊಡಬಹುದು.

ಮೇಲಿನಿಂದ ನೀರಾ ಎಡದಂಡೆ ಕಾಲುವೆ ಗೆರೆ ಎಳೆದಂತೆ ಕಾಣುತ್ತದೆ. ದಕ್ಷಿಣಕ್ಕೆ ಕಬ್ಬಿನ ಹಸಿರು, ಉತ್ತರಕ್ಕೆ ಹೆಚ್ಚಾಗಿ ಮಳೆ ನಂಬಿದ ಒಣನೆಲ. ನೆಲದಿಂದ 3,000 ಅಡಿ ಎತ್ತರದಲ್ಲಿ ಬೋಧಕರು ಹೇಳದೆ ಕೇಳದೆ ಥ್ರಾಟಲ್ ಹಿಂದಕ್ಕೆ ಎಳೆಯುತ್ತಾರೆ: "ಎಂಜಿನ್ ಹೋಯಿತು. ಎಲ್ಲಿ ಇಳಿಸುತ್ತೀರಿ?" ತೇಲುತ್ತಾ ಇಳಿಯಲು ಸಿಗುವುದು ಹೆಚ್ಚುಕಮ್ಮಿ 4 ನಿಮಿಷ. ಕಣ್ಣು ಹಸಿರಿನತ್ತ ಓಡುತ್ತದೆ. ಆದರೆ ಆಳೆತ್ತರದ ಕಬ್ಬು ಚಕ್ರ ಹಿಡಿದು ವಿಮಾನವನ್ನೇ ಮಗುಚಬಹುದು. ಬೇಕಾದದ್ದು ಕರೆಂಟಿನ ತಂತಿ ಇಲ್ಲದ, ಕಲ್ಲು ಕಡಿಮೆಯಿರುವ ಬೀಳು ಹೊಲ. ಗಾಳಿ ಯಾವ ಕಡೆಯದೆಂದು ಕಬ್ಬಿನ ರವದಿ ಸುಡುವ ಹೊಗೆ ಹೇಳುತ್ತದೆ.

ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಅಷ್ಟರಲ್ಲಿ ಈ ನೋಟ ಅಂಟಿಕೊಂಡುಬಿಡುತ್ತದೆ. ಈಗ ಸೊಲ್ಲಾಪುರ ದಾಟಿ ವಿಜಯಪುರದ ಕಡೆ ಬಸ್ಸಿನಲ್ಲಿ ಹೋಗುವಾಗಲೂ, ಮೊದಲು ಬರಡೆಂದು ಮುಖ ತಿರುಗಿಸುತ್ತಿದ್ದ ಹೊಲಗಳನ್ನು ಒಂದೊಂದಾಗಿ ಅಳೆಯುತ್ತೇನೆ: ಇಲ್ಲಿ ಇಳಿಯಬಹುದು, ಅಲ್ಲಿಯೂ ಇಳಿಯಬಹುದು.