ಅಂಚಿಲ್ಲದ ಕೌದಿ

ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಒಂದು ಕೌದಿ ಏಳು ವರ್ಷ ಮಲಗಿತ್ತು. ಕೌದಿಯ ಮೇಲೆ ಜನ ಮಲಗುವುದುಂಟು, ನಮ್ಮಲ್ಲಿ ಕೌದಿಯೇ ಮಲಗಿದೆ ಎಂದು ಮನೆಯವರು ನಗುತ್ತಿದ್ದರು. ಏಳಡಿ ಅಗಲ, ಎಂಟಡಿ ಉದ್ದ. ಮೈಯೆಲ್ಲ ಹೊಲಿದಾಗಿತ್ತು. ಸುತ್ತಲಿನ ಅಂಚು ಕಟ್ಟುವುದೊಂದೇ ಬಾಕಿ. ಹೊಲಿಗೆ ಬಲ್ಲ ಸೋದರಿಯರು, “ಅದೇನು ಮಹಾ ಕೆಲಸ? ನಾಲ್ಕು ಮಧ್ಯಾಹ್ನದ್ದು” ಎಂದಾರು. ನಿಜವೇ. ಆ ನಾಲ್ಕು ಮಧ್ಯಾಹ್ನಗಳು ಏಳು ವರ್ಷವೂ ಒದಗಿಬರಲಿಲ್ಲ.

ಈ ಕೌದಿ ಹುಟ್ಟಿದ್ದು ಸರೋಜಿನಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ. ಹಳಬರು ಅದನ್ನು ಇನ್ನೂ ವಿನಯ ನಗರವೆಂದೇ ಕರೆಯುತ್ತಾರೆ. ನಮ್ಮ ಸಾಲಿನಲ್ಲಿ ಐದು ಕನ್ನಡದ ಮನೆಗಳಿದ್ದವು. ದಿಲ್ಲಿಯ ಚಳಿಗಾಲದಲ್ಲಿ ಮನೆಯೊಳಗಿಗಿಂತ ಹೊರಗೇ ಬೆಚ್ಚಗೆ. ಗಂಡಸರು ಆಫೀಸಿಗೆ ಹೋದೊಡನೆ ಹುಲ್ಲಿನ ಮೇಲೆ ಚಾಪೆ ಹಾಸಿ, ಬಿಸಿಲಿಗೆ ಬೆನ್ನು ಕೊಟ್ಟು, ಕಡಲೆಕಾಯಿ ಸುಲಿಯುತ್ತ ಕೂಡುತ್ತಿದ್ದೆವು. 2014ರ ಡಿಸೆಂಬರಿನಲ್ಲಿ ಗದಗಿನ ಅವ್ವ, “ಕೈ ಖಾಲಿ ಇಟ್ಕೊಂಡು ಬಾಯಿ ಒಂದ ಯಾಕ ಓಡಸ್ತೀರಿ? ಹಳೀ ಸೀರಿ ತರ್ರಿ” ಎಂದರು. ಅವರು ಮಗನ ಮನೆಗೆ ಬಂದು ನೆಲೆಸಿದ್ದವರು. ಸಾಲಿನವರಿಗೆಲ್ಲ ಅವ್ವ.

ನಾನು ತಾಯಿಯ ಹರಿದ ಇಳಕಲ್ಲ ಸೀರೆ ಕೊಟ್ಟೆ. ಉಡುಪಿಯವರು ಕೈಮಗ್ಗದ ನೂಲಿನ ಸೀರೆ ಕೊಟ್ಟರು, ಮೈಸೂರಿನವರು ತಂದೆಯ ಪಂಚೆ. ಹಳಿಯಾಳದ ಅಕ್ಕ ತಂದದ್ದು ಮಗನ ಶಾಲೆಯ ಅಂಗಿಗಳನ್ನು! ಪದರದ ಮೇಲೆ ಪದರವಿಟ್ಟು, ತುಂಡು ಕೂಡಿಸಿ, ಸಾಲುಸಾಲಾಗಿ ದಾರ ಓಡಿಸಿದೆವು. ಅಂಚು ಕಟ್ಟಲು ಮಾತ್ರ ಅವ್ವ ಬಿಡಲಿಲ್ಲ. “ಅಂಚು ಕಟ್ಟಿದರ ಬೆಳಿಯೂದು ನಿಂತಂಗ. ನಾಳೆ ಇನ್ನೊಂದು ಮನಿಯವರು ಬಂದರ?” ಬಂದರು ಕೂಡ. ಬೀದರಿನಿಂದ ವರ್ಗವಾಗಿ ಬಂದ ಕುಟುಂಬಕ್ಕಾಗಿ ಮತ್ತೊಂದು ಸಾಲು ತುಂಡುಗಳು ಸೇರಿದವು.

2016ರಲ್ಲಿ ಕೇಂದ್ರ ಸಂಪುಟ ಏಳು ಸರಕಾರಿ ಕಾಲನಿಗಳನ್ನು ಕೆಡವಿ ಹೊಸದಾಗಿ ಕಟ್ಟಲು ಒಪ್ಪಿತು. ನಮ್ಮದೂ ಅದರಲ್ಲೊಂದು. ಮರ ಕಡಿಯುವುದರ ವಿರುದ್ಧ 2018ರಲ್ಲಿ ಗದ್ದಲವೆದ್ದು ಹೈಕೋರ್ಟಿನವರೆಗೂ ಹೋಯಿತು. ಆದರೆ ನಾವು ಅದಕ್ಕೆ ಮೊದಲೇ ಚದುರಿದ್ದೆವು. ನಾವು ದ್ವಾರಕಾಕ್ಕೆ, ಉಡುಪಿಯವರು ನೋಯ್ಡಾಕ್ಕೆ, ಮೈಸೂರಿನವರು ಮೈಸೂರಿಗೇ, ಅವ್ವ ಹುಬ್ಬಳ್ಳಿಯ ಮಗಳ ಮನೆಗೆ. ಕೌದಿ ನಮ್ಮ ಪಾಲಿಗೆ ಬಂದದ್ದು ನಮ್ಮ ಲಾರಿಯಲ್ಲಿ ಜಾಗವಿತ್ತೆಂಬ ಕಾರಣಕ್ಕೆ, ಅಷ್ಟೆ.

ಅಂಚು ಕಟ್ಟದೆ ಬಿಟ್ಟದ್ದಕ್ಕೆ ನಾನು ಹೇಳುತ್ತಿದ್ದ ನೆಪಗಳು ಹತ್ತಾರು: ಬೆನ್ನುನೋವು, ಮಗಳ ಪರೀಕ್ಷೆ, ಸರಿಯಾದ ಬಟ್ಟೆ ಸಿಗಲಿಲ್ಲ. ಒಳಗಿನ ಮಾತು ಬೇರೆ. ಅರೆಬರೆಯಾಗಿರುವವರೆಗೆ ಅದು ಎಲ್ಲರದು. ಮುಗಿದರೆ ಒಬ್ಬರ ಮನೆಯ ಹಾಸಿಗೆ. ಯಾರದೆಂದು ಯಾರೂ ಕೇಳಿರಲಿಲ್ಲ. ಕೇಳುವ ಹೊತ್ತು ತರುವುದು ನನಗೆ ಬೇಡವಾಗಿತ್ತು.

2024ರ ದೀಪಾವಳಿಗೆ ಹುಬ್ಬಳ್ಳಿಯಿಂದ ಫೋನು ಬಂತು. “ನನಗ ಎಂಬತ್ತೆಂಟು ಆತು. ಕಣ್ಣು ಮಂಜಾಗ್ಯಾವು. ಕೌದಿ ಮುಗೀತೇನವಾ?” “ಮುಗ್ಯಾಕ ಬಂದೈತಿ ಅವ್ವಾ” ಎಂದುಬಿಟ್ಟೆ. ಟ್ರಂಕಿನ ಬೀಗದ ಕೈ ಎಲ್ಲಿದೆಯೆಂಬುದೂ ನನಗೆ ತಿಳಿದಿರಲಿಲ್ಲ. ಮರುದಿನವೇ ಕಿನಾರಿ ಬಜಾರಿಗೆ ಹೊರಟೆ.

ಕಿನಾರಿ ಎಂದರೆ ಅಂಚು. ಅಂಚಿಗೇ ಒಂದು ಪೇಟೆಯಿರುವ ಊರಿನಲ್ಲಿದ್ದು ಏಳು ವರ್ಷ ಅಂಚಿಲ್ಲವೆಂದು ಕೂತಿದ್ದೆನಲ್ಲ! ದ್ವಾರಕಾದಿಂದ ಮೆಟ್ರೋ ಹಿಡಿದು, ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿ ಚಾಂದನಿ ಚೌಕದಲ್ಲಿ ಇಳಿದೆ. ಶಹಜಹಾನನ ಮಗಳು ಜಹನಾರಾ ಹಾಕಿಸಿದ ಈ ಬೀದಿಯಲ್ಲಿ 2021ರಿಂದ ಹಗಲು ಮೋಟಾರು ವಾಹನಗಳಿಗೆ ತಡೆಯಿದೆ. ಹಾಗೆಂದು ನಡೆಯುವುದು ಸುಲಭವೆಂದು ತಿಳಿಯಬೇಡಿ. ಸೈಕಲ್ ರಿಕ್ಷಾದವರಿದ್ದಾರೆ. ಸೀಸ್‌ಗಂಜ್ ಗುರುದ್ವಾರದ ಆಚೆ, ದರೀಬಾದ ಮೂಲೆಯಲ್ಲಿ ತುಪ್ಪದ ಜಿಲೇಬಿ. ಧೈರ್ಯಕ್ಕೆ ಎರಡು ತಿಂದೆ. ಬೆಳ್ಳಿಯಂಗಡಿಗಳ ದರೀಬಾ ಕಲಾನ್ ದಾಟಿ ಬಲಕ್ಕೆ ತಿರುಗಿದರೆ ಕಿನಾರಿ ಬಜಾರು. ಕೈ ಚಾಚಿದರೆ ಎರಡೂ ಕಡೆಯ ಅಂಗಡಿ ಮುಟ್ಟಬಹುದೇನೋ ಎನ್ನಿಸುವ ಓಣಿ. ಜರಿ, ಗೋಟಾ, ಮದುಮಗನ ಪೇಟ, ಮುತ್ತಿನ ಲೇಸು ಸೂರಿನಿಂದ ಜೋತಾಡುತ್ತವೆ. ನಡುವೆ ನೌಘರಾ ಎಂಬ ಒಳಗಲ್ಲಿ. ಜೈನರ ಒಂಬತ್ತು ಹಳೆಯ ಮನೆಗಳು, ಬಣ್ಣದ ಬಾಗಿಲುಗಳು. ಹತ್ತು ಹೆಜ್ಜೆ ಒಳಗೆ ಹೋದರೆ ಗದ್ದಲವೇ ಇಲ್ಲ. ಅಲ್ಲಿ ಸ್ವಲ್ಪ ನಿಂತು ಹೊರಬಂದೆ.

ಅಂಗಡಿಯ ಮುದುಕರು, “ಯಾರ ಮದುವೆ?” ಎಂದರು. ನಾನು ಚೀಲದಿಂದ ಕೌದಿಯ ಒಂದು ಮೂಲೆ ಎಳೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಹೊಲಿಗೆಯನ್ನು ಬೆರಳಿನಿಂದ ನೋಡಿದರು. ಸುತ್ತಳತೆ ಮೂವತ್ತಡಿ, ಅಂದರೆ ಒಂಬತ್ತು ಮೀಟರಿಗೆ ಹದಿನಾಲ್ಕು ಸೆಂಟಿಮೀಟರು ಹೆಚ್ಚು. ಲೇಸಿನ ಥಾನು ಸರಿಯಾಗಿ ಒಂಬತ್ತು ಮೀಟರು! ಇನ್ನೊಂದು ಥಾನು ಮಾರಬಹುದಿತ್ತು. ಆದರೆ, “ಗೋಟಾ ಕೆನ್ನೆಗೆ ಚುಚ್ಚುತ್ತದೆ. ಕಟ್ರಾ ನೀಲಿಗೆ ಹೋಗಿ ನೂಲಿನ ಬಟ್ಟೆ ತೆಗೆದುಕೊಳ್ಳಿ” ಎಂದು ಕಳುಹಿಸಿಕೊಟ್ಟರು. ಫತೇಪುರಿಯ ಕಡೆಗೆ ನಡೆದು, ಕಟ್ರಾ ನೀಲಿನಲ್ಲಿ ಎರಡು ಮೀಟರು ಕೆಂಪು ಬಟ್ಟೆ ಕೊಂಡೆ. ಮೂರಂಗುಲದ ಆರು ಪಟ್ಟಿ ಕತ್ತರಿಸಿ ಕೂಡಿಸಿದರೆ ಹನ್ನೆರಡು ಮೀಟರು. ಮೂಲೆಗೂ ಜೋಡಣೆಗೂ ಧಾರಾಳ.

ನೋಯ್ಡಾದಿಂದ ಉಡುಪಿಯವರು ಬಂದರು. ಆ ದಪ್ಪಕ್ಕೆ ಮಷೀನು ಒಪ್ಪಲಿಲ್ಲ, ಸೂಜಿ ಮುರಿಯಿತು. ಅಂಗುಸ್ತಾನ ಹಾಕಿ ಕೈಯಲ್ಲೇ ಹೊಲಿದೆವು. ಹಳಿಯಾಳದ ಅಕ್ಕ ಫೋನಿನಲ್ಲೇ ಹಟ ಹಿಡಿದರು: ತಮ್ಮ ಕಡೆಯ ಸಿದ್ದಿ ಹೆಂಗಸರು ಮೂಲೆಗಳಿಗೆ ತ್ರಿಕೋನದ ತುಂಡಿಟ್ಟು ಹೊಲಿದು ಅದನ್ನು ಫೂಲ ಎನ್ನುತ್ತಾರಂತೆ, ಅದಿಲ್ಲದೆ ಆಗದು! ನಾಲ್ಕು ಫೂಲಗಳೂ ಆದವು. ನಾಲ್ಕಲ್ಲ, ಆರು ಮಧ್ಯಾಹ್ನ ಹಿಡಿಯಿತು. ಒಂದು ಗೇಣು ಅಂಚನ್ನು ಮಾತ್ರ ಬೇಕೆಂದೇ ಬಿಟ್ಟೆವು.

ನಿಜಾಮುದ್ದೀನಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಒಯ್ದೆ. ಅವ್ವ ಅಂಚಿನ ಗುಂಟ ಬೆರಳೆಳೆಯುತ್ತ ಹೋಗಿ, ಬಿಟ್ಟ ಗೇಣನ್ನು ಕಂಡುಹಿಡಿದರು. “ಸುಳ್ಳ ಹೇಳಿದ್ದಿ” ಎಂದರು. ನಾಲ್ಕು ಕಾಳು ಜೋಳ ತರಿಸಿ ಒಳಗಿಟ್ಟರು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಅವರ ಮಾತು. ನಾನು ದಾರ ಪೋಣಿಸಿಕೊಟ್ಟೆ, ಅವರು ಕೈಯಳತೆಯಲ್ಲೇ ಹೊಲಿದು ಮುಗಿಸಿದರು. ಈ ಚಳಿಗಾಲ ನಿಮ್ಮಲ್ಲೇ ಇರಲಿ, ಆಮೇಲೆ ಒಂದೊಂದು ಮನೆಗೆ ಒಂದೊಂದು ಚಳಿಗಾಲ ಎಂದೆ. “ಇಲ್ಲೇನ ಚಳಿ ಐತಿ? ದಿಲ್ಲಿಗೇ ಒಯ್ಯಿ” ಎಂದರು.

ಈಗ ಅದು ನೋಯ್ಡಾದಲ್ಲಿದೆ. ಸಂಕ್ರಾಂತಿ ಕಳೆದೊಡನೆ ನಮ್ಮ ಮನೆಗೆ ಬರಬೇಕೆಂದು ಮಾತಾಗಿತ್ತು. ಉಡುಪಿಯವರು ಇನ್ನೂ ಕಳುಹಿಸಿಲ್ಲ.