ಚಿತ್ರದ ಎತ್ತು

ಎತ್ತಿನ ವಯಸ್ಸು ಅದರ ಬಾಯಲ್ಲಿರುತ್ತದೆ. ಕೆಳದವಡೆಯ ಎಂಟು ಮುಂಬಲ್ಲುಗಳಲ್ಲಿ ಎಷ್ಟು ಹಾಲುಹಲ್ಲುಗಳು ಬಿದ್ದು ಹೊಸವು ಬಂದಿವೆಯೆಂದು ಎಣಿಸಿದ ಮೇಲೆಯೇ ರೈತನು ಬೆಲೆಯ ಮಾತೆತ್ತುವುದು. ಜಾಹೀರಾತಿನ ಎತ್ತಾದರೋ ಬಾಯಿ ತೆರೆಯುವುದೇ ಇಲ್ಲ!

ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ದನಗಳು ಕೂಡುವುದು ಸಂಕ್ರಾಂತಿಯ ಸುಮಾರಿಗೆ; ಹಿಂಗಾರಿ ಜೋಳದ ಬಿತ್ತನೆ ಅದಕ್ಕೂ ಮೂರು ತಿಂಗಳು ಮೊದಲು. ಇಂಡಿಯ ಕಡೆಯ ರೈತನೊಬ್ಬನ ಜೋಡಿಯಲ್ಲಿ ಒಂದು ಖಿಲಾರಿ ಎತ್ತು ಸತ್ತುದು ಬಿತ್ತನೆಯ ಹೊತ್ತಿಗೇ. ಮೊಬೈಲಿನಲ್ಲಿ ಮುದ್ದೇಬಿಹಾಳದ ಎತ್ತೊಂದರ ಚಿತ್ರ ಕಂಡಿತು: ‘ನಾಲ್ಕು ಹಲ್ಲು, ಸಾಧು, ನೊಗದ ಎರಡೂ ಬದಿಗೆ ನಡೆಯುತ್ತದೆ.’ ಬಾಡಿಗೆಯ ವಾಹನದಲ್ಲಿ ಸಿಂದಗಿ ದಾಟಿ ಹೋಗಿ ನೋಡಿದರೆ ಎಂಟು ಹಲ್ಲೂ ಕೂಡಿವೆ. ಬಲಬದಿಗೆ ಹೂಡಿದರೆ ಹೆಜ್ಜೆ ಕೀಳದು. ಈತನಿಗೆ ಬೇಕಾಗಿದ್ದುದೇ ಬಲದೆತ್ತು.

ಮಾರುವವನ ಪಾಡೂ ಸುಖದ್ದಲ್ಲ. ಬಸವನ ಬಾಗೇವಾಡಿಯವನೊಬ್ಬ ಜಾಹೀರಾತು ಕೊಟ್ಟನೆನ್ನಿ, ದಿನವಿಡೀ ಕರೆಗಳು. ‘ಕಡೆಯ ಬೆಲೆ ಹೇಳಿ’ ಎನ್ನುವರಲ್ಲದೆ ಕೊಟ್ಟಿಗೆಗೆ ಬರುವವರಿಲ್ಲ. ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿ ಕಮಿಷನ್ ತಿನ್ನುವನು, ನಿಜ. ಆದರೆ ಎತ್ತು ಕುಂಟಿದರೆ ಮರುವರ್ಷ ಅವನ ಕೊರಳಪಟ್ಟಿಯಾದರೂ ಕೈಗೆ ಸಿಕ್ಕೀತು.

ಇಂಡಿಯವನು ಬರಿಗೈಯಲ್ಲಿ ಮರಳಿ, ಹೊಲದ ಹದ ಆರುವ ಮೊದಲೇ ಟ್ರಾಕ್ಟರಿಗೆ ಹೇಳಿಕಳುಹಿಸಿದನು. ಆ ಎತ್ತಿನ ಚಿತ್ರ ಮೊಬೈಲಿನಲ್ಲಿ ಇನ್ನೂ ಇದೆ, ನಾಲ್ಕೇ ಹಲ್ಲು.