ತಾಳ ತಪ್ಪಿದ ಎದೆ

ಮೈಯೊಳಗಿನ ಅಂಗಗಳಲ್ಲಿ ಹೃದಯದಷ್ಟು ಮಾತು ಕಡಮೆಯಾದ ಸೇವಕ ಇನ್ನೊಂದಿಲ್ಲ. ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಅದು ಬಡಿಯುತ್ತದೆ. ಅದರಲ್ಲಿ ಒಂದು ಬಡಿತದ ಸುದ್ದಿಯೂ ಯಜಮಾನನಿಗೆ ಮುಟ್ಟುವುದಿಲ್ಲ. ಎದೆ ಝಲ್ಲೆಂದಿತು, ಎದೆ ಒಡೆಯಿತು, ಎದೆ ತುಂಬಿ ಬಂತು ಎಂದು ದಿನಕ್ಕೆ ಹತ್ತು ಸಲ ಅದರ ಹೆಸರೆತ್ತುವ ಮನುಷ್ಯ, ಅದು ನಿಜವಾಗಿ ತಾಳ ತಪ್ಪುವ ದಿನದವರೆಗೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಹೀಗೆ ತಾಳ ತಪ್ಪುವ ರೋಗಗಳಲ್ಲಿ ಒಂದಕ್ಕೆ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಹೃತ್ಕರ್ಣದ ಕಂಪನವೆನ್ನಬಹುದು. ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಆರೋಗ್ಯವಂತನಲ್ಲಿ ಬಲ ಹೃತ್ಕರ್ಣದ ಒಂದು ಮೂಲೆಯಿಂದ ಹೊರಡುವ ವಿದ್ಯುತ್ತಿನ ಆಜ್ಞೆಗೆ ಮೊದಲು ಮೇಲಿನ ಕೋಣೆಗಳು, ಆಮೇಲೆ ಕೆಳಗಿನವು, ಸರದಿ ತಪ್ಪದೆ ಕುಗ್ಗುತ್ತವೆ. ರೋಗ ಬಂದಾಗ ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ಕ್ಕೂ ಮಿಕ್ಕಿ ಆಜ್ಞೆಗಳು ಒಂದರ ಮೇಲೊಂದು ಬೀಳುತ್ತವೆ. ಕೋಣೆ ಕುಗ್ಗುವುದನ್ನು ಬಿಟ್ಟು ಬರಿದೆ ನಡುಗುತ್ತದೆ. ಕೆಳಗಿನ ಕೋಣೆಗಳು ಕೈಗೆ ಸಿಕ್ಕಿದ ಆಜ್ಞೆಗೆ ಸಿಕ್ಕಿದಂತೆ ಬಡಿಯುತ್ತವೆ. ಹಿಂದಿನ ವೈದ್ಯರು ನಾಡಿಯ ನಡೆಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿದರು. ಈ ನಾಡಿಗಾದರೋ ಯಾವ ಪ್ರಾಣಿಯ ನಡೆಯೂ ಹೊಂದುವುದಿಲ್ಲ. ಡಚ್ ವಿಜ್ಞಾನಿ ಐಂಟ್‌ಹೋವೆನ್ 1906ರಲ್ಲಿ ಇದರ ವಿದ್ಯುತ್ ರೇಖೆಯನ್ನು ಅಚ್ಚು ಹಾಕಿಸಿದರು. ಅಂಥ ರೇಖೆ ತೆಗೆಯುವ ವಿಧಾನವನ್ನು ಕಂಡುಹಿಡಿದುದಕ್ಕಾಗಿ 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇಂದಿಗೂ ರೋಗವನ್ನು ಹಿಡಿಯುವುದು ಆ ರೇಖೆಯಿಂದಲೇ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಗೃಹಸ್ಥರೊಬ್ಬರಿದ್ದಾರೆ. ಬೀದಿಯವರಿಗೆಲ್ಲ ಅವರು ರಾಯರು. ವಯಸ್ಸು 66; ಹತ್ತು ವರ್ಷದಿಂದ ರಕ್ತದ ಒತ್ತಡ. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಿಂದಲೇ ಹತ್ತುತ್ತಿದ್ದವರು ಎರಡು ವರ್ಷದ ಹಿಂದೆ ನಂದಿಯವರೆಗೂ ಹೋಗಲಾರದೆ ಕುಳಿತುಬಿಟ್ಟರು. ಮುಷ್ಟಿಯಲ್ಲಿ ಹಿಡಿದ ಗುಬ್ಬಿ ಒದ್ದಾಡುವಂತೆ ಎದೆಯೊಳಗೆ ಏನೋ ಒದ್ದಾಡುತ್ತಿತ್ತು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ ಈ ಪೀಡೆ ಆಮೇಲೆ ವಾರಕ್ಕೊಮ್ಮೆಯಾಯಿತು. ಬಂದರೆ ನಾಲ್ಕು ಗಂಟೆ, ಆರು ಗಂಟೆ. ಬಂದಂತೆಯೇ ತಾನಾಗಿ ಹೋಗುತ್ತಿತ್ತು.

ವೈದ್ಯರು ಮೊದಲು ಮಾಡಿದ್ದು ಲಕ್ವದ ಲೆಕ್ಕ. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ; ಆ ಹೆಪ್ಪು ಹೊರಟು ಮಿದುಳಿಗೆ ಸೇರಿದರೆ ಲಕ್ವ. ಈ ರೋಗವುಳ್ಳವರಿಗೆ ಲಕ್ವ ಹೊಡೆಯುವ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು ಎಂಬುದನ್ನು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ದೀರ್ಘ ಅಧ್ಯಯನ 1991ರಲ್ಲಿ ತೋರಿಸಿತು. ವಯಸ್ಸು 65 ದಾಟಿದ್ದಕ್ಕೆ ಒಂದು ಅಂಕ, ರಕ್ತದ ಒತ್ತಡಕ್ಕೆ ಒಂದು ಅಂಕ. ಗಂಡಸಿಗೆ ಎರಡು ಅಂಕ ಬಂದರೆ ಹೆಪ್ಪು ತಡೆಯುವ ಮಾತ್ರೆ ತಪ್ಪದು. ಅಂದಿನಿಂದ ಹೊತ್ತಿಗೊಂದು ಅಪಿಕ್ಸಬಾನ್ ಮಾತ್ರೆ, ದಿನಕ್ಕೆ ಎರಡು ಸಲ. ತಾಳ ಹಿಡಿಯುವ ಬೇರೊಂದು ಮಾತ್ರೆಯನ್ನೂ ಆರು ತಿಂಗಳು ನುಂಗಿದರು. ಪೀಡೆ ನಿಲ್ಲಲಿಲ್ಲ, ಮೈಗೆ ಆಯಾಸ ಮಾತ್ರ ಬಂತು.

ಆಗ ವೈದ್ಯರು ಅಬ್ಲೇಷನ್ನಿನ ಮಾತೆತ್ತಿದರು. “ಮಾಡಿಸಬಹುದು. ಮಾಡಿಸದೆ ಮಾತ್ರೆಯಲ್ಲೇ ಮುಂದುವರಿಯಲೂಬಹುದು. ಎರಡೂ ತಪ್ಪಲ್ಲ. ಯೋಚನೆ ಮಾಡಿ ಹೇಳಿ” ಎಂದರು.

ಮಾಡಿಸಲೇಬೇಕು ಎಂದಿದ್ದರೆ ರಾಯರಿಗೆ ಸುಲಭವಾಗುತ್ತಿತ್ತು. ಕೂಡದು ಎಂದಿದ್ದರೆ ಇನ್ನೂ ಸುಲಭ. ಮೂವತ್ತೈದು ವರ್ಷ ನಿಯಮದ ಪುಸ್ತಕ ನೋಡಿ ಸಾಲ ಮಂಜೂರು ಮಾಡಿದವರಿಗೆ, ನಿಯಮವೇ ಇಲ್ಲದ ಕಡೆ ಸಹಿ ಹಾಕುವುದೆಂದರೆ ಕಷ್ಟ.

*

ಈ ಚಿಕಿತ್ಸೆಯ ಬುಡದಲ್ಲಿರುವುದು ಫ್ರಾನ್ಸಿನ ಬೋರ್ದೋ ನಗರದಲ್ಲಿ ಮಿಶೆಲ್ ಐಸಾಗೇರ್ ಮತ್ತು ಅವರ ಸಂಗಡಿಗರು ಮಾಡಿದ ಶೋಧ. ಔಷಧಕ್ಕೆ ಬಗ್ಗದ 45 ರೋಗಿಗಳ ಹೃದಯದೊಳಗೆ ತೆಳುವಾದ ತಂತಿಗಳನ್ನಿಳಿಸಿ, ಪುಂಡಾಟದ ಮೊದಲ ಕಿಡಿ ಎಲ್ಲಿ ಹೊತ್ತುತ್ತದೆಂದು ಅವರು ಹುಡುಕಿದರು. ಸಿಕ್ಕಿದ 69 ಕಿಡಿಗಳಲ್ಲಿ 65 ಇದ್ದುದು ಹೃತ್ಕರ್ಣದಲ್ಲೇ ಅಲ್ಲ; ಶ್ವಾಸಕೋಶದಿಂದ ಶುದ್ಧ ರಕ್ತವನ್ನು ಎಡ ಹೃತ್ಕರ್ಣಕ್ಕೆ ತರುವ ರಕ್ತನಾಳಗಳ ಒಳಗೆ. 1998ರಲ್ಲಿ ಇದು ಪ್ರಕಟವಾಯಿತು. ಬೆಂಕಿ ನೆರೆಮನೆಯಲ್ಲಿದ್ದರೆ ನಡುವೆ ಗೋಡೆ ಕಟ್ಟಬೇಕು ಎಂಬುದೇ ಅಬ್ಲೇಷನ್ನಿನ ತತ್ತ್ವ. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾಥೆಟರನ್ನು ಹೃದಯಕ್ಕೆ ಏರಿಸಿ, ಎರಡು ಹೃತ್ಕರ್ಣಗಳ ನಡುವಿನ ಪೊರೆಯನ್ನು ಚುಚ್ಚಿ ದಾಟಿ, ಆ ನಾಳಗಳ ಬಾಯಿಯ ಸುತ್ತ ಚಿಕ್ಕ ಚಿಕ್ಕ ಸುಟ್ಟ ಗಾಯಗಳ ಉಂಗುರ ಮಾಡುತ್ತಾರೆ. ಗಾಯ ಮಾಗಿ ಕಲೆಯಾದ ಮೇಲೆ ಅದರ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಮೊದಲು ಶಾಖದಿಂದ ಮಾಡುತ್ತಿದ್ದರು, ಆಮೇಲೆ ಶೀತದಿಂದ, ಈಚೆಗೆ ಕ್ಷಣಮಾತ್ರದ ವಿದ್ಯುತ್ ಸ್ಪಂದಗಳಿಂದಲೂ ಮಾಡುತ್ತಾರೆ. ಈ ಕೊನೆಯ ಬಗೆಗೆ ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ಮೊದಲ ಅನುಮತಿ ದೊರೆಯಿತು.

ಸುದ್ದಿ ತಿಳಿದ ಭಾನುವಾರ ಮನೆಯಲ್ಲಿ ಸಭೆ ಸೇರಿತು. ಹೊರದೇಶದಲ್ಲಿರುವ ಮಗ ಫೋನಿನ ಪರದೆಯಲ್ಲಿ ಕುಳಿತ. “ಅಪ್ಪಾ, ತಡ ಮಾಡಬೇಡಿ. ಈ ರೋಗ ಹಳೆಯದಾದಷ್ಟೂ ಬೇರು ಬಿಡುತ್ತದೆ” ಎಂದ. ಅವನ ಮಾತು ಸುಳ್ಳಲ್ಲ. 1995ರಲ್ಲಿ ನೆದರ್‌ಲೆಂಡ್ಸಿನ ವಿಜ್ಞಾನಿಗಳು ಆಡುಗಳ ಹೃದಯವನ್ನು ಯಂತ್ರದಿಂದ ಮತ್ತೆ ಮತ್ತೆ ಕಂಪಿಸುವಂತೆ ಮಾಡಿದಾಗ, ಮೊದಲು ಕೆಲವೇ ಸೆಕೆಂಡು ನಿಲ್ಲುತ್ತಿದ್ದ ಕಂಪನ ವಾರವೆರಡು ವಾರಗಳಲ್ಲಿ ದಿನಪೂರ್ತಿ ನಿಲ್ಲತೊಡಗಿತು. ಕಂಪನವೇ ಕಂಪನವನ್ನು ಹೆರುತ್ತದೆ.

ಭಾವಮೈದುನರಿಗೆ ಇದು ಸೇರಲಿಲ್ಲ. “ಹಿಂದೆ ಹಳ್ಳಿಯಲ್ಲಿ ಕಾಮಾಲೆಗೆ ತೋಳಿನ ಮೇಲೆ ಬರೆ ಹಾಕುತ್ತಿದ್ದರು. ಈಗ ಎದೆಯೊಳಗೇ ಬರೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ಇಷ್ಟು ಮಾಡಿದರೆ ಆಯುಸ್ಸು ಎಷ್ಟು ಹೆಚ್ಚುತ್ತದೆ, ಭಾವ? ಗುಣವಾಯಿತೆಂಬ ಸಮಾಧಾನ ತಾನೆ? ಅದಕ್ಕೆ ಇಷ್ಟು ಲಕ್ಷ ರೂಪಾಯಿ ಬೇಕೆ?” ಎಂದರು.

ಒರಟಾಗಿ ಕೇಳಿದರೂ ಅವರು ಕೇಳಿದ್ದು ಸರಿಯಾದ ಪ್ರಶ್ನೆಗಳನ್ನೇ. ಬೆಂಗಳೂರಿನಿಂದ ಬಂದಿದ್ದ ಮಗಳು ಒಂದು ವಾರ ಕುಳಿತು ಅವಕ್ಕೆ ಉತ್ತರ ಹುಡುಕಿದಳು. ಆಯುಸ್ಸಿನ ಪ್ರಶ್ನೆಗೆ 10 ದೇಶಗಳ 2,204 ರೋಗಿಗಳ ಮೇಲೆ ನಡೆದ ಕಬಾನಾ ಎಂಬ ಪರೀಕ್ಷೆ 2019ರಲ್ಲಿ ಉತ್ತರ ಕೊಟ್ಟಿತ್ತು. ಸಾವು, ಊನವುಳಿಸುವ ಲಕ್ವ, ದೊಡ್ಡ ರಕ್ತಸ್ರಾವ, ಹೃದಯಸ್ತಂಭನ ಇವನ್ನು ಒಟ್ಟುಗೂಡಿಸಿ ನೋಡಿದರೆ ಅಬ್ಲೇಷನ್ ಗುಂಪಿನಲ್ಲಿ ನೂರಕ್ಕೆ 8.0, ಔಷಧದ ಗುಂಪಿನಲ್ಲಿ 9.2. ಆಕಸ್ಮಿಕದಿಂದಲೂ ಬರಬಹುದಾದಷ್ಟು ಚಿಕ್ಕ ಅಂತರ. ಔಷಧದ ಗುಂಪಿಗೆ ಸೇರಿದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ನಡುವೆ ಅಬ್ಲೇಷನ್ ಮಾಡಿಸಿಕೊಂಡುಬಿಟ್ಟಿದ್ದರು. ಹಾಗಾಗಿ ವಾದ ಪೂರ್ತಿ ಮುಗಿದಿಲ್ಲ. ಹೃದಯದ ಬಲವೇ ಕುಂದಿದವರ ಮಾತು ಬೇರೆ. ಅಂಥವರಲ್ಲಿ ಅಬ್ಲೇಷನ್ ಸಾವನ್ನೂ ಆಸ್ಪತ್ರೆ ಸೇರುವುದನ್ನೂ ತಗ್ಗಿಸಿತೆಂದು 2018ರ ಕ್ಯಾಸಲ್ ಪರೀಕ್ಷೆ ತೋರಿಸಿತು. ರಾಯರ ಹೃದಯದ ಬಲ ಚೆನ್ನಾಗಿಯೇ ಇತ್ತು. ಆದ್ದರಿಂದ ಆಯುಸ್ಸು ಹೆಚ್ಚುತ್ತದೆಂದು ನಂಬಿ ಮಾಡಿಸುವಂತಿರಲಿಲ್ಲ.

ಬರಿಯ ಸಮಾಧಾನವೆ ಎಂಬ ಪ್ರಶ್ನೆಗೆ 2024ರಲ್ಲಿ ಉತ್ತರ ಬಂತು. ಇಂಗ್ಲೆಂಡಿನಲ್ಲಿ 126 ರೋಗಿಗಳಿಗೆಲ್ಲ ಮಂಪರು ಬರಿಸಿ, ಕೆಲವರಿಗೆ ನಿಜವಾದ ಅಬ್ಲೇಷನ್, ಉಳಿದವರಿಗೆ ಅದರ ನಟನೆ ಮಾತ್ರ ಮಾಡಿದರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಯದು. ಆರು ತಿಂಗಳ ಮೇಲೆ ನೋಡಿದರೆ, ಕಂಪನದ ಹೊತ್ತು ನಿಜವಾದ ಗುಂಪಿನಲ್ಲಿ ನೂರಕ್ಕೆ 60ರಷ್ಟು, ನಟನೆಯ ಗುಂಪಿನಲ್ಲಿ 35ರಷ್ಟು ಇಳಿದಿತ್ತು. ದಿನನಿತ್ಯದ ಬಾಳಿನ ಸುಖವೂ ನಿಜವಾದ ಗುಂಪಿನಲ್ಲೇ ಹೆಚ್ಚು. ಬರೆಗೆ ಬೆಲೆಯಿತ್ತು.

ಆದರೆ ಪೂರ್ಣ ಗುಣವೆಂಬ ವಾಗ್ದಾನ ಇರಲಿಲ್ಲ. 2021ರಲ್ಲಿ ಪ್ರಕಟವಾದ ಕೆನಡದ ಪರೀಕ್ಷೆಯೊಂದರಲ್ಲಿ, ಎದೆಯ ಚರ್ಮದಡಿ ಯಂತ್ರವಿಟ್ಟು ವರ್ಷವಿಡೀ ಕಾವಲು ಕಾದಾಗ, ಔಷಧ ತೆಗೆದುಕೊಂಡ ನೂರರಲ್ಲಿ 68 ಜನಕ್ಕೆ ತಾಳ ಮತ್ತೆ ತಪ್ಪಿತ್ತು. ಅಬ್ಲೇಷನ್ ಆದ ನೂರರಲ್ಲಿ 43 ಜನಕ್ಕೆ. ಕೆಲವರಿಗೆ ಎರಡನೆಯ ಸಲವೂ ಬೇಕಾಗುತ್ತದೆ. ಅಪಾಯಗಳೂ ಇವೆ. ನೂರರಲ್ಲಿ ಒಬ್ಬರ ಆಸುಪಾಸಿಗೆ ಹೃದಯದ ಸುತ್ತಣ ಚೀಲದಲ್ಲಿ ರಕ್ತ ತುಂಬಿಕೊಳ್ಳಬಹುದು. ಅದಕ್ಕಿಂತ ಕಡಮೆ ಜನಕ್ಕೆ ಆ ಹೊತ್ತಿನಲ್ಲೇ ಲಕ್ವವಾಗಬಹುದು. ಶಾಖ ಹಿಂದಿನ ಅನ್ನನಾಳವನ್ನು ಸುಟ್ಟು ತೂತು ಮಾಡುವುದು ತೀರ ಅಪರೂಪ, ಆದರೆ ಆದರೆ ಪ್ರಾಣಕ್ಕೇ ಎರವು.

*

ರಾಯರು ಹಳೆಯ ಅಭ್ಯಾಸದಂತೆ ಒಂದು ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು ಎಂದು ಬರೆದರು. ಪೀಡೆ ತಗ್ಗುವುದು ಜಮಾ. ತಾಳ ಹಿಡಿಯುವ ಮಾತ್ರೆ ಬಿಡುವುದು ಜಮಾ. ಬೆಟ್ಟದ ಮೆಟ್ಟಿಲು, ಸಂಶಯದ ಜಮಾ. ಹಣ, ಅಪಾಯ, ಮತ್ತೆ ಮರುಕಳಿಸುವ ಭಯ, ಇವು ಖರ್ಚು. ಅಪಿಕ್ಸಬಾನ್ ಎರಡು ಕಡೆಗೂ ಸೇರಲಿಲ್ಲ. ಏಕೆಂದರೆ ಎರಡು ಅಂಕ ಇರುವವರೆಗೆ, ಅಬ್ಲೇಷನ್ ಗೆದ್ದರೂ ಆ ಮಾತ್ರೆಯನ್ನು ಬಿಡಿಸುವುದಿಲ್ಲವೆಂದು ವೈದ್ಯರು ಹೇಳಿದ್ದರು. ಎಷ್ಟು ಸಲ ಕೂಡಿ ಕಳೆದರೂ ಎರಡು ಕಡೆಯೂ ಸಮವಾಗಿಯೇ ನಿಂತವು.

ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಗೆ ಅದನ್ನು ಓದಿ ಹೇಳಿದರು. ಆಕೆ ಕೊನೆಯವರೆಗೆ ಕೇಳಿದರು.

“ಎಲ್ಲ ಸರಿಯೆ. ಇದರಲ್ಲಿ ನನ್ನ ಬಾಬ್ತು ಎಲ್ಲಿದೆ?”

“ನಿನ್ನ ಬಾಬ್ತೆ?”

“ಎರಡು ವರ್ಷದಿಂದ ರಾತ್ರಿ ನಿಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡೇ ಮಲಗುತ್ತಿದ್ದೇನೆ. ನೀವು ನಿದ್ದೆ ಮಾಡುತ್ತೀರಿ, ನಾನು ಎಣಿಸುತ್ತೇನೆ. ತಾಳ ತಪ್ಪಿದರೆ ಎದ್ದು ಕೂರುತ್ತೇನೆ. ಸರಿಯಾದ ಮೇಲೆ ಮಲಗುತ್ತೇನೆ. ಶಿವಮೊಗ್ಗದಲ್ಲಿ ತಂಗಿ ಮನೆಯ ಗೃಹಪ್ರವೇಶಕ್ಕೆ ಹೋಗಲಿಲ್ಲ. ಮಂಡಿನೋವೆಂದು ಹೇಳಿದೆ. ಮಂಡಿನೋವಲ್ಲ.” ಆಕೆ ಒಂದು ಕಾಯನ್ನು ಸುಲಿದು ಕಾಳನ್ನು ತಟ್ಟೆಗೆ ಹಾಕಿದರು. “ಮಾಡಿಸಿ ಎನ್ನುತ್ತಿಲ್ಲ. ಬೇಡ ಎಂದೂ ಅನ್ನುತ್ತಿಲ್ಲ. ಲೆಕ್ಕ ಪೂರ್ತಿಯಾಗಲಿ, ಅಷ್ಟೆ.”

ರಾಯರು ಬಹಳ ಹೊತ್ತು ಮಾತಾಡಲಿಲ್ಲ. ರೋಗ ತಮ್ಮ ಒಬ್ಬರದೆಂದು ತಿಳಿದಿದ್ದರು; ಅದರ ಅರ್ಧ ಭಾರವನ್ನು ಇನ್ನೊಬ್ಬರು ಸದ್ದಿಲ್ಲದೆ ಹೊತ್ತಿದ್ದರು.

ಮುಂದಿನ ಸಲ ದಂಪತಿಗಳಿಬ್ಬರೂ ವೈದ್ಯರ ಬಳಿಗೆ ಹೋದರು. ಈ ಸಲ ರಾಯರು ಮಾಡಿಸಲೆ ಬೇಡವೆ ಎಂದು ಕೇಳಲಿಲ್ಲ. ತಾವು ಇಂಥದನ್ನು ಎಷ್ಟು ಮಾಡಿದ್ದೀರಿ? ಎದೆಯ ಚೀಲದಲ್ಲಿ ರಕ್ತ ತುಂಬಿದರೆ ಶಸ್ತ್ರವೈದ್ಯರು ಅದೇ ಕಟ್ಟಡದಲ್ಲಿರುತ್ತಾರೆಯೆ? ಮೊದಲ ಎರಡು ಮೂರು ತಿಂಗಳಲ್ಲಿ ಪೀಡೆ ಮತ್ತೆ ಬಂದರೆ ಸೋತಂತೆಯೆ? ಹೀಗೆ ಕೇಳಿದರು. ಹಾಗೆ ಬಂದರೆ ಸೋತಂತಲ್ಲ, ಗಾಯ ಮಾಗುವ ಕಾಲದಲ್ಲಿ ಅದು ಸಹಜ ಎಂದು ಉತ್ತರ ಬಂತು. ಗೊರಕೆಯುಂಟೆ ಎಂದು ವೈದ್ಯರು ಕೇಳಿದಾಗ ರಾಯರು ಇಲ್ಲವೆಂದರು, ಹೆಂಡತಿ ಉಂಟೆಂದರು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಈ ರೋಗ ಮರುಕಳಿಸುವುದು ಹೆಚ್ಚು, ಅದನ್ನು ಪರೀಕ್ಷಿಸಬೇಕೆಂದಾಯಿತು. ಮೈತೂಕವನ್ನು ಹತ್ತರಲ್ಲೊಂದು ಪಾಲು ಇಳಿಸಿ ಹಾಗೆಯೇ ಉಳಿಸಿಕೊಂಡವರಿಗೆ ತಾಳ ನಿಲ್ಲುವ ಸಂಭವ ಆರು ಪಟ್ಟು ಹೆಚ್ಚೆಂದು ಆಸ್ಟ್ರೇಲಿಯದ ಅಡಿಲೇಡಿನಿಂದ 2015ರಲ್ಲಿ ವರದಿಯಾಗಿತ್ತು. ರಾಯರ ತೂಕ 82 ಕಿಲೋ. ಮೂರು ತಿಂಗಳು ತೂಕ ಇಳಿಸುವ ಪ್ರಯತ್ನ, ಸಂಕ್ರಾಂತಿ ಕಳೆದ ಮೇಲೆ ಅಬ್ಲೇಷನ್ ಎಂದು ನಿಶ್ಚಯವಾಯಿತು.

ಇದೇ ಹಾಳೆ ಇನ್ನೊಂದು ಮನೆಯಲ್ಲಿ ಬೇರೆ ರೀತಿಯಲ್ಲಿ ಮುಗಿಯಬಹುದು, ಮುಗಿಯಲೂ ಬೇಕು. ಎಂಬತ್ತು ದಾಟಿ, ಕಂಪನವಿದ್ದರೂ ಅದರ ಅರಿವೇ ಇಲ್ಲದೆ ಮೊಮ್ಮಕ್ಕಳೊಡನೆ ಆಡಿಕೊಂಡಿರುವ ಅಜ್ಜ, ಹೆಪ್ಪು ತಡೆಯುವ ಮಾತ್ರೆ ನುಂಗಿ ಬಡಿತದ ವೇಗವನ್ನು ಹತೋಟಿಯಲ್ಲಿಟ್ಟುಕೊಂಡು ಬೇಡವೆಂದರೆ ಅದು ಅಂಜಿಕೆಯಲ್ಲ, ವಿವೇಕ. ಪ್ರಾಣ ಉಳಿಸುವ ಚಿಕಿತ್ಸೆಗೆ ಯೋಚನೆ ಬೇಕಿಲ್ಲ; ಬಾಳನ್ನು ಹಗುರಗೊಳಿಸುವ ಚಿಕಿತ್ಸೆಗೆ, ಆ ಬಾಳು ಎಲ್ಲಿ ಭಾರವಾಗಿದೆ, ಯಾರ ಮೇಲೆ ಭಾರವಾಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಅದು ವಿದ್ಯುತ್ತಿನ ರೇಖೆಯಲ್ಲಿ ಕಾಣುವುದಿಲ್ಲ.

ದಿನ ಗೊತ್ತಾದ ವಾರವೇ ರಾಯರು ಒಂದು ಕೆಲಸ ಮಾಡಿದರು. ಮಗಳನ್ನು ಮನೆಗೆ ಕರೆಸಿಕೊಂಡು, ಹೆಂಡತಿಗೆ ರೈಲಿನ ಟಿಕೆಟ್ಟು ತೆಗೆಸಿ, ಬೇಡ ಬೇಡವೆಂದರೂ ಕೇಳದೆ ನಾಲ್ಕು ದಿನದ ಮಟ್ಟಿಗೆ ಶಿವಮೊಗ್ಗಕ್ಕೆ ಕಳುಹಿಸಿದರು. ಮರುದಿನ ಬೆಳಗ್ಗೆ ಒಂಬತ್ತು ಗಂಟೆಗೆ ಅಲ್ಲಿಂದ ನಾದಿನಿಯ ಫೋನು ಬಂತು.

“ಅಕ್ಕ ಇನ್ನೂ ಎದ್ದಿಲ್ಲ, ಭಾವ. ಎಬ್ಬಿಸಲೆ?”

“ಬೇಡಮ್ಮ” ಎಂದರು ರಾಯರು, “ಮಲಗಲಿ.”